ಒಂದೇ ಗಿಡ, ಎರಡು ಎಲೆ

ಇವತ್ತು ಎರಡು ಎಲೆಗಳ ಫೋಟೋ ನೋಡಿದೆ.
ಒಂದು ಉದ್ದ, ಕಡ್ಡಿಯಷ್ಟು ಸಪೂರ, ಕಂದು ಬಣ್ಣ, ನಡುವೆ ಗುಲಾಬಿ ನರ. ಇನ್ನೊಂದು ಅಗಲ, ಹಸಿರು, ಹೊಳಪು.
ಎರಡೂ ಒಂದೇ ಗಿಡದವು!

ಮಾರಿಷಸ್‌ಗೆ ಸೇರಿದ ರೋಡ್ರಿಗಸ್ ದ್ವೀಪದ ಕಾಫೆ ಮರೋನ್. ನಮ್ಮ ಕಾಫಿ, ಕೇಪಳದ ಕುಟುಂಬವೇ.
ಅಳಿದೇಹೋಯಿತು ಅಂದುಕೊಂಡಿದ್ದ ಇದನ್ನು 1980ರ ಸುಮಾರಿಗೆ ಕಂಡದ್ದು ಒಬ್ಬ ಶಾಲಾ ಹುಡುಗ. ಉಳಿದಿದ್ದದ್ದು ಒಂದೇ ಒಂದು ಗಿಡ.

ಇಂಥ ಗಿಡ ಹುಡುಕುವಾಗ ಎಲೆಯ ಆಕಾರ ನಂಬಿದರೆ ಕೆಟ್ಟಿರಿ. ಎಳೆಗಿಡದ ಎಲೆಯೇ ಬೇರೆ, ಬಲಿತದ್ದರ ಎಲೆಯೇ ಬೇರೆ. ಆಮೆಗಳ ಬಾಯಿಂದ ತಪ್ಪಿಸಿಕೊಳ್ಳಲು ಈ ವೇಷ ಅಂತ ಒಂದು ಊಹೆ ಇದೆ.

ಗೆಣ್ಣು ನೋಡಿ. ಎಲೆಗಳು ಎದುರುಬದುರು ಇವೆಯಾ? ಎರಡು ತೊಟ್ಟುಗಳ ನಡುವೆ, ಕಾಂಡಕ್ಕೆ ಅಂಟಿದ ಪುಟ್ಟ ಪೊರೆ ಇದೆಯಾ? ಅದೇ ಉಪಪರ್ಣ, ಕಾಫಿ ಕುಟುಂಬದ ಗುರುತು. ಹಳೇ ಗೆಣ್ಣಲ್ಲಿ ಉದುರಿರಬಹುದು, ಅದಕ್ಕೇ ಕುಡಿಯ ಹತ್ತಿರದ ಎರಡು ಮೂರು ಗೆಣ್ಣು ನೋಡಬೇಕು, 10 ಪಟ್ಟಿನ ಮಸೂರ ಸಾಕು. ಹೂವಿದ್ದರೆ ಇನ್ನೂ ಸಲೀಸು: ಬಿಳಿ, ಐದೆಸಳು, ನಕ್ಷತ್ರದ ಹಾಗೆ.

ಫೋಟೋ ತೆಗೆಯುವಾಗ ಬುಡದ ಚಿಗುರು, ಮೇಲಿನ ಕೊಂಬೆ, ಎಲೆಯ ಹಿಂಬದಿ, ಗೆಣ್ಣು, ನಾಲ್ಕೂ ಬೇಕು. ಕೊಂಬೆ ಮುರಿಯಬೇಡಿ.

ಹಂಚುವ ಮುಂಚೆ ಫೋಟೋದಲ್ಲಿರುವ ಜಾಗದ ಮಾಹಿತಿ ತೆಗೆದುಬಿಡಿ, ದಯವಿಟ್ಟು. ಸುದ್ದಿ ಹಬ್ಬಿದ ಮೇಲೆ ಔಷಧಿಗೆಂದು ಜನ ಆ ಒಂಟಿ ಗಿಡದ ರೆಂಬೆ ಮುರಿದರು, ಬೇಲಿ ಹಾಕಬೇಕಾಯಿತು.
1986ರಲ್ಲಿ ಅದರ ತುಂಡುಗಳು ಲಂಡನ್ನಿನ ಕ್ಯೂ ಎಂಬ ಸಸ್ಯೋದ್ಯಾನಕ್ಕೆ ಹೋದವು. ಬೇರು ಬಂತು, ಹೂವೂ ಬಂತು. ಬೀಜಕ್ಕೆ ಮಾತ್ರ ವರ್ಷಗಟ್ಟಲೆ ಕಾಯಬೇಕಾಯಿತು.