ಐದನೇ ಸಿಂಫನಿಗೆ ಒಂದು ಸ್ಕೋರ್

ಶನಿವಾರ, 15 ನವೆಂಬರ್ 2025
ಸರಸ್ವತಿಪುರಂ, ಮೈಸೂರು

ಬೆಳಿಗ್ಗೆ ಪಾರ್ಸೆಲ್ ಬಂತು. ಬೀಥೋವನ್‌ನ ಐದನೇ ಸಿಂಫನಿಯ ಸ್ಕೋರ್, ಅಂದರೆ ಆರ್ಕೆಸ್ಟ್ರಾದ ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗಿರುವ ಪುಸ್ತಕ. ರಟ್ಟು ಚೆನ್ನಾಗಿದೆ. ಒಳಗೆ ಮಾತ್ರ ಯಾವುದೋ ಹಳೇ ಪುಸ್ತಕದ ಮಸುಕು ಸ್ಕ್ಯಾನ್. ಚುಕ್ಕೆಗಳು ಅಳಿಸಿಹೋಗಿವೆ. ಕೆಲವು ಪುಟಗಳಲ್ಲಿ ಕೆಳಗಿನ ಡಬಲ್ ಬಾಸ್ ಸಾಲೇ ಅರ್ಧ ಇಲ್ಲ. 900 ರೂಪಾಯಿ ಕೊಟ್ಟಿದ್ದೆ, ತುಂಬಾ ಬೇಜಾರಾಯಿತು. ವಾಪಸ್ ತಗೊಳ್ಳಿ ಅಂತ ಬರೆದಿದ್ದೇನೆ.

ಮಧ್ಯಾಹ್ನ ಅದನ್ನು ಎದುರುಮನೆ ಮೇಷ್ಟ್ರಿಗೆ ತೋರಿಸಿದೆ. ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು.

"ಬೆಲೆ ಆಮೇಲೆ ನೋಡಮ್ಮ. ಮೊದಲು ಒಳಗಿನ ಒಂದು ಪುಟ ನೋಡಬೇಕು. ಟೇಬಲ್ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು ಓದು. ಕಾಣಿಸಿದರೆ ತಗೋ."

ಇದು ನನಗೆ ಹೊಳೆದಿರಲಿಲ್ಲ. ಪಿಟೀಲು ಪಾಠ ಹೇಳುವವಳು ನಾನು. ನಮ್ಮಲ್ಲಿ ಒಂದು ಕೃತಿ ಒಂದು ಪುಟದಲ್ಲಿ ಮುಗಿಯುತ್ತದೆ. ಇಲ್ಲಿ ಒಂದೇ ಕ್ಷಣದಲ್ಲಿ ಎಲ್ಲ ವಾದ್ಯಗಳೂ ಏನು ಮಾಡುತ್ತಿವೆ ಅನ್ನುವುದು ಮೇಲಿಂದ ಕೆಳಕ್ಕೆ ಸಾಲಾಗಿರುತ್ತದೆ. ಐದನೇ ಸಿಂಫನಿಯ ಕೊನೆಯ ಭಾಗಕ್ಕೆ ಬಂದಾಗ ಪಿಕೊಲೊ, ಕಾಂಟ್ರಾ ಬಸೂನ್, ಮೂರು ಟ್ರೊಂಬೋನ್ ಅನ್ನುವ ಊದುವ ವಾದ್ಯಗಳು ಹೊಸದಾಗಿ ಸೇರುತ್ತವೆ. ಪುಟ ಚಿಕ್ಕದಾದರೆ ಅಷ್ಟೂ ಸಾಲು ಇರುವೆ ಸಾಲಿನ ಹಾಗೆ ಕಾಣುತ್ತದೆ.

ಸ್ಕೋರ್ ಅಚ್ಚು ಮಾಡುವ ಪ್ರಕಾಶಕರು ಹಲವರು. ಓಯ್ಲೆನ್‌ಬುರ್ಗ್‌ನ ಹಳದಿ ರಟ್ಟಿನ ಪುಟ್ಟ ಸ್ಕೋರ್‌ಗಳು ಸಂಗೀತ ಕಛೇರಿಗೆ ಕೈಯಲ್ಲಿ ಹಿಡಿದು ಹೋಗುವುದಕ್ಕೆ ಬಹಳ ಚೆಂದ. ಬೇರೆನ್‌ರೈಟರ್‌ನ ಪುಸ್ತಕ ಜೊನಾಥನ್ ಡೆಲ್ ಮಾರ್ ತಿದ್ದಿದ್ದು. ಹಸ್ತಪ್ರತಿಗಳನ್ನು ಹೋಲಿಸಿ ನೋಡಿದ ಪಾಠ. ಬೆಲೆ ಜಾಸ್ತಿ. ಡೋವರ್‌ನವರು ಹಳೇ ಜರ್ಮನ್ ಮುದ್ರಣಗಳನ್ನೇ ದೊಡ್ಡ ಪುಟದಲ್ಲಿ ಮತ್ತೆ ಅಚ್ಚು ಮಾಡುತ್ತಾರೆ. ಅವರ ಒಂದೇ ಪುಸ್ತಕದಲ್ಲಿ 5, 6, 7ನೇ ಸಿಂಫನಿ ಮೂರೂ ಸಿಗುತ್ತವೆ. ಕಲಿಯುವವರಿಗೆ ದುಡ್ಡು ಕೊಟ್ಟು ಕೊಳ್ಳುವುದಾದರೆ ಅದೇ ಸರಿ ಅಂತ ನನಗನ್ನಿಸುತ್ತದೆ.

ಹಳೇ ಮುದ್ರಣ ಅಂದರೆ ತಪ್ಪು ಇರುವುದಿಲ್ಲವೇ? ಇರುತ್ತದೆ. ಇದೇ ಸಿಂಫನಿಯ ಮೊದಲ ಮುದ್ರಣದಲ್ಲಿ ಮೂರನೇ ಭಾಗಕ್ಕೆ ಎರಡು ಬಾರ್ (ನಮ್ಮ ತಾಳದ ಆವರ್ತದ ಹಾಗಿನ ಚಿಕ್ಕ ಅಳತೆ) ಜಾಸ್ತಿ ಸೇರಿಕೊಂಡಿದ್ದವು. ಬೀಥೋವನ್ ಅವರೇ 1810ರಲ್ಲಿ ಪ್ರಕಾಶಕರಿಗೆ ಕಾಗದ ಬರೆದು ಹೇಳಬೇಕಾಯಿತು. ಆದರೂ ಈಗ ನಾನಿರುವ ಹಂತಕ್ಕೆ ದೊಡ್ಡ ಅಚ್ಚೇ ಮುಖ್ಯ.

ಡೋವರ್ ತರಿಸಲು ಸಂಬಳ ಬರಬೇಕು. ಅಲ್ಲಿಯವರೆಗೆ ಸುಮ್ನೆ ಕೂರುವುದೇಕೆ? ಬ್ರೈಟ್‌ಕೊಪ್ಫ್‌ನವರು 1862ರಿಂದ 1865ರ ನಡುವೆ ತಂದ ಬೀಥೋವನ್ ಸಮಗ್ರ ಮುದ್ರಣ ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿದೆ. ಕಾಪಿರೈಟ್ ಹಕ್ಕಿನ ತೊಡಕೂ ಇಲ್ಲ. ನಮ್ಮ ದೇಶದಲ್ಲಿ ಕೃತಿಕಾರರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. 1975ರಲ್ಲಿ ತೀರಿಕೊಂಡ ರಷ್ಯದ ಸಂಗೀತ ರಚನಕಾರ ಶೊಸ್ತಕೊವಿಚ್‌ಗೆ ಇನ್ನೂ ಕಾಯಬೇಕು. 1951ರಲ್ಲಿ ಹೋದ ಇನ್ನೊಬ್ಬ ರಷ್ಯನ್ ರಚನಕಾರ ಮೆಟ್ನರ್ ಮುಕ್ತ. ಮೊನ್ನೆ 13ಕ್ಕೆ ಅವರು ಹೋಗಿ 74 ವರ್ಷವಾಯಿತು. ಕಷ್ಟಕಾಲದಲ್ಲಿ ಅವರ ಕೈ ಹಿಡಿದವರು ನಮ್ಮ ಜಯಚಾಮರಾಜ ಒಡೆಯರ್. ಮೂರನೇ ಪಿಯಾನೋ ಕನ್ಚೆರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. ಮೈಸೂರಿನವಳಾಗಿ ಅದರ ಸ್ಕೋರನ್ನು ಒಂದು ದಿನ ಓದಲೇಬೇಕು.

ನಾಲ್ಕು ಗಂಟೆಗೆ ಜೆರಾಕ್ಸ್ ಅಂಗಡಿಗೆ ಹೋದೆ. ಆ ಉಚಿತ ಐದನೇ ಸಿಂಫನಿ ಪೂರ್ತಿ ಬೇಡ, ಮೊದಲ ಭಾಗದ ಪ್ರಿಂಟ್ ಸಾಕು. ಫೈಲ್‌ನಲ್ಲಿ ಸುತ್ತಲಿನ ಖಾಲಿ ಅಂಚನ್ನು ಮನೆಯಲ್ಲೇ ಕತ್ತರಿಸಿಕೊಂಡಿದ್ದೆ. ಅಷ್ಟರಿಂದಲೇ ಎ4 ಹಾಳೆಯಲ್ಲಿ ಸಾಲುಗಳು ಒಳ್ಳೇ ದಪ್ಪಗೆ ಬಂದವು. ಸ್ಪೈರಲ್ ಹಾಕಿಸಿದೆ, ಟೇಬಲ್ ಮೇಲೆ ಪೂರ್ತಿ ಚಪ್ಪಟೆಯಾಗಿ ಮಲಗುತ್ತದೆ. ಎಲ್ಲ ಸೇರಿ ನೂರೈವತ್ತು ರೂಪಾಯಿ ದಾಟಲಿಲ್ಲ.

ಸಂಜೆ ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಂದರು. ಕ್ಲಾರಿನೆಟ್ ಸಾಲಿನ ಪಕ್ಕದ 'ಬಿ' ಅಕ್ಷರದ ಮೇಲೆ ಬೆರಳಿಟ್ಟರು. "ಜರ್ಮನ್ನರ ಬಿ ಅಂದರೆ ನಮ್ಮ ಬಿ ಫ್ಲಾಟ್. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳ್ತೀನಿ, ಬಿಳಿ ಒಂದು ಬರೆದಿದ್ದರೆ ಅದರ ಕೆಳಗಿನ ಕಪ್ಪು ಐದು ಕೇಳಿಸುತ್ತೆ." ಎಷ್ಟು ಸುಲಭವಾಗಿ ಹೇಳಿದರು!

ಮೊದಲ ಬಾರ್‌ನಲ್ಲೇ ನಿಂತುಬಿಟ್ಟೆ. ಆ ಪ್ರಸಿದ್ಧ ನಾಲ್ಕು ಸ್ವರ ಸಮದಲ್ಲಿ, ಅಂದರೆ ತಾಳದ ಮೊದಲ ಪೆಟ್ಟಿನಲ್ಲಿ, ಶುರುವಾಗುವುದಿಲ್ಲ! ಮೊದಲು ಅರ್ಧ ಎಣಿಕೆಯ ಮೌನ, ಆಮೇಲೆ ಸ್ವರ. ನಮ್ಮ ಕರ್ನಾಟಕ ಸಂಗೀತದಲ್ಲಿ ಅರ್ಧ ಎಣಿಕೆ ಬಿಟ್ಟು ಹಾಡು ಎತ್ತಿಕೊಳ್ಳುವ ಅರ್ಧ ಎಡುಪಿನ ಹಾಗೆಯೇ. ಅದೂ ಇಡೀ ಆರ್ಕೆಸ್ಟ್ರಾ ನುಡಿಸುತ್ತಿಲ್ಲ, ತಂತಿ ವಾದ್ಯಗಳ ಜೊತೆ ಬರೀ ಕ್ಲಾರಿನೆಟ್. ಮೇಷ್ಟ್ರ ಮುಖ ಅರಳಿತು.

ರೆಕಾರ್ಡಿಂಗ್ ಹಾಕಿ ಪೆನ್ಸಿಲ್ ಹಿಡಿದು ಹೊರಟೆವು. 502 ಬಾರ್. ಎರಡು ಸಲ ದಾರಿ ತಪ್ಪಿ ಮತ್ತೆ ಹಿಡಿದುಕೊಂಡೆವು. 268ನೇ ಬಾರ್ ಬಂತು. ಅಷ್ಟು ಹೊತ್ತು ಗುಡುಗುತ್ತಿದ್ದ ಎಲ್ಲರೂ ನಿಂತರು. ಮೇಲಿಂದ ಕೆಳಗಿನವರೆಗೆ ಎಲ್ಲ ಸಾಲೂ ಖಾಲಿ, ಓಬೋ ಅನ್ನುವ ಊದುವ ವಾದ್ಯದ ಸಾಲಿನಲ್ಲಿ ಮಾತ್ರ ನಿಧಾನವಾಗಿ ಇಳಿಯುವ ಸ್ವರಗಳು. ಇಷ್ಟು ವರ್ಷ ಕೇಳಿದ್ದೇನೆ, ಆ ಒಂಟಿತನ ಕಣ್ಣಿಗೆ ಬಿದ್ದದ್ದು ಇವತ್ತೇ.

ಅದರ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣದಾಗಿ 'ಆಲಾಪನೆ' ಅಂತ ಬರೆದೆ.