31 ತಿಂಗಳ ಲೆಕ್ಕ

12 ಮಾರ್ಚ್ 2025, ಬುಧವಾರ, ರಾತ್ರಿ

ಸಂಜೆ ಪರಿಚಯದ ಹುಡುಗನೊಬ್ಬ ಬಂದಿದ್ದ, ಕೈಲಿ ಒಂದು ಪ್ಲಾಸ್ಟಿಕ್ ಕವರ್, ಅದ್ರೊಳಗೆ ಪಾಸ್‌ಪೋರ್ಟ್ ಜೆರಾಕ್ಸು, ಕಾಂಟ್ರಾಕ್ಟು. "ಅಕ್ಕಾ, ಒಂಚೂರು ಲೆಕ್ಕ ಹಾಕ್ಕೊಡ್ತೀರಾ, ಸಾಲ ಯಾವಾಗ ತೀರತ್ತೆ ಅಂತ" ಅಂದ. ಹೊರದೇಶದಲ್ಲಿ ಕಟ್ಟಡದ ಕೆಲಸ, ಎರಡು ವರ್ಷದ ಕಾಂಟ್ರಾಕ್ಟ್. ಅವನು ಮನಸ್ಸಲ್ಲೇ ಒಂದು ಲೆಕ್ಕ ಹಾಕ್ಕೊಂಡು ಬಂದಿದ್ದ, ಏಜೆಂಟಿಗೆ ಕೊಡ್ಬೇಕಾಗಿರೋದು ಅಲ್ಲಿನ ಹತ್ತು ತಿಂಗಳ ಸಂಬಳದಷ್ಟು, ಅಷ್ಟೂ ಸಾಲ, ತಿಂಗಳಿಗೆ ಅರ್ಧ ಸಂಬಳ ಮನೆಗೆ ಕಳಿಸ್ತೀನಿ, 20 ತಿಂಗಳಲ್ಲಿ ಸಾಲ ಚುಕ್ತಾ, ಇನ್ನುಳಿದ ನಾಲ್ಕು ತಿಂಗಳಿಂದು ಪೂರ್ತಿ ನಂದೇ.

ಬಡ್ಡಿ ಎಷ್ಟಪ್ಪಾ ಅಂದೆ. ತಿಂಗಳಿಗೆ ನೂರಕ್ಕೆ ಮೂರು.

ಹಾಳೆ ತಗೊಂಡು ಒಂದೊಂದೇ ತಿಂಗಳು ಬರೀತಾ ಹೋದೆ. ಅಲ್ಲಿನ ಒಂದು ತಿಂಗಳ ಸಂಬಳ ಅಂದ್ರೆ 1 ಅಂತ ಇಟ್ಕೊಂಡೆ. ಸಾಲ 10. ಮೊದಲ್ನೇ ತಿಂಗಳ ಬಡ್ಡಿ 0.3, ಅವನು ಕಳಿಸೋದು 0.5, ಅಸಲಿಗೆ ಸೇರೋದು ಬರೀ 0.2. ತಿಂಗಳಿಡೀ ಬಿಸಿಲಲ್ಲಿ ದುಡಿದ್ರೂ ಸಾಲ 9.8ರಲ್ಲೇ ನಿಂತಿರತ್ತೆ. ಹೀಗೇ ಇಳಿಸ್ತಾ ಹೋದ್ರೆ ಸೊನ್ನೆ ಬರೋದು 31ನೇ ತಿಂಗಳಲ್ಲಿ. ಕಾಂಟ್ರಾಕ್ಟ್ ಇರೋದು 24 ತಿಂಗಳು, ಅದು ಮುಗಿದ ದಿನ ಇನ್ನೂ ಮೂರು ತಿಂಗಳ ಸಂಬಳಕ್ಕಿಂತ ಜಾಸ್ತಿ ಸಾಲ ಬಾಕಿ. ಅವನು ಹಾಳೆ ಕಡೆ ನೋಡ್ತಾ ಸುಮ್ನೆ ಕೂತಿದ್ದ, ನಂಗೂ ಏನ್ ಹೇಳ್ಬೇಕು ತೋಚಲಿಲ್ಲ.

ಆಮೇಲೆ ನಾನೇ ಇನ್ನೊಂದು ಸಾಲು ಬರೆದೆ. ಅದೇ ಬಡ್ಡಿ, ಅದೇ ಸಂಬಳ, ಏಜೆಂಟಿಗೆ ಕೊಡೋದು ಹತ್ತರ ಬದ್ಲು ಎರಡೇ ತಿಂಗಳ ಸಂಬಳ ಆಗಿದ್ರೆ? ಐದನೇ ತಿಂಗಳಲ್ಲೇ ಸಾಲ ತೀರಿಹೋಗತ್ತೆ. ಕೆಲಸ ಅದೇ, ದುಡಿಯೋ ಕೈ ಅದೇ, ಬದಲಾಗಿದ್ದು ಗೇಟಲ್ಲಿ, ಅಂದ್ರೆ ಏಜೆಂಟಿಗೆ, ಕೊಡೋ ದುಡ್ಡು ಮಾತ್ರ.

ಇದು ಇವನೊಬ್ಬನ ಕಥೆ ಅಂತ ಯಾರೂ ಅಂದ್ಕೋಬೇಡಿ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಇದಕ್ಕೇ ಅಂತ ಒಂದು ಅಳತೆ ಇದೆ, ನಾನು ಹಾಳೇಲಿ ಮಾಡಿದ ಥರಾನೇ, ಕೆಲಸಕ್ಕೆ ಹೋಗೋಕೆ ಆದ ಖರ್ಚು ಅಲ್ಲಿನ ಎಷ್ಟು ತಿಂಗಳ ದುಡಿಮೆಗೆ ಸಮ ಅಂತ. ಬಾಂಗ್ಲಾದೇಶದ ಅಂಕಿಅಂಶ ಇಲಾಖೆ 2020ರಲ್ಲಿ ಸರ್ವೇ ಮಾಡಿಸಿದಾಗ ಬಂದ ಸರಾಸರಿ 17.6 ತಿಂಗಳು. ಒಂದೂವರೆ ವರ್ಷದ ಬೆವರು! ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಪ್ಪಂದದಲ್ಲಿ, ಅದರ ನಂಬರ್ 181, ಏಜೆನ್ಸಿಗಳು ಕೆಲಸಗಾರನ ಹತ್ರ ನೇರವಾಗೂ ಸುತ್ತುಬಳಸಿಯೂ ಫೀಸ್ ತಗೋಬಾರ್ದು ಅನ್ನೋದೇ ಮೂಲ ನಿಯಮ. ಬರೆದಿಟ್ಟು ಕಾಲು ಶತಮಾನ ದಾಟಿದೆ.

ಹಾಗಾದ್ರೆ ಇಷ್ಟೊಂದು ದುಡ್ಡು ಕೇಳೋಕೆ ಏಜೆಂಟಿಗೆ ಧೈರ್ಯ ಎಲ್ಲಿಂದ ಬರತ್ತೆ? ನಂಗೆ ಅರ್ಥ ಆಗಿರೋದು ಇಷ್ಟು. ಒಬ್ಬನೇ ಮನುಷ್ಯ, ಅದೇ ವಿದ್ಯೆ ಅದೇ ಕಸುಬು, ಗಡಿ ದಾಟಿದ ತಕ್ಷಣ ಅವನ ದುಡಿಮೆಗೆ ಎರಡು ಮೂರು ಪಟ್ಟು ಬೆಲೆ ಬರತ್ತೆ, ಅಂದ್ರೆ ಆ ಬೆಲೆ ಅವನ ಕೈಗಿಂತ ಹೆಚ್ಚಾಗಿ ಆ ಜಾಗಕ್ಕೆ ಅಂಟ್ಕೊಂಡಿದೆ, ಆ ಜಾಗಕ್ಕೆ ಹೋಗೋ ಪರ್ಮಿಷನ್ನು ಬೆರಳೆಣಿಕೆಯಷ್ಟು, ಬೇಕು ಅನ್ನೋರು ಲಕ್ಷಗಟ್ಟಲೆ, ಹಾಗಾಗಿ ವೀಸಾನೇ ಒಂದು ಸರಕಾಗ್ಬಿಡತ್ತೆ, ಎರಡು ಸಂಬಳದ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಗೇಟ್ ಕಾಯೋರ ಜೇಬಿಗೆ. ಓದಿದ ಇಂಜಿನಿಯರ್‌ಗೆ ಎಷ್ಟೋ ಸಲ ಕಂಪನಿನೇ ಟಿಕೆಟ್ ಕೊಟ್ಟು ಕರೆಸ್ಕೊಳತ್ತೆ, ಇಟ್ಟಿಗೆ ಹೊರೋನು ಮಾತ್ರ ಸಾಲ ಮಾಡಿ ಹೋಗ್ಬೇಕು. ಇದನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ.

ಗೇಟಿನ ರೇಟ್ ಇಳಿಸೋಕೆ ಆಗಲ್ಲ ಅನ್ನೋದೂ ಸುಳ್ಳು. 2013ರಲ್ಲಿ ಮಲೇಷ್ಯಾದ ತಾಳೆ ತೋಟಗಳ ಕೆಲಸಕ್ಕೆ ಬಾಂಗ್ಲಾದೇಶ ಸರ್ಕಾರವೇ ಲಾಟರಿ ಎತ್ತಿ ಜನ ಕಳಿಸ್ತು, ಖರ್ಚು ಖಾಸಗಿ ಏಜೆಂಟರಿಗಿಂತ ತುಂಬಾ ಕಮ್ಮಿ. ಅರ್ಜಿ ಹಾಕಿದೋರು 14 ಲಕ್ಷಕ್ಕೂ ಜಾಸ್ತಿ, ಸೀಟು ಸುಮಾರು 30 ಸಾವಿರ. ಅರ್ಥಶಾಸ್ತ್ರಜ್ಞರು ಆಮೇಲೆ ಲಾಟರಿ ಗೆದ್ದೋರು, ಸೋತೋರು ಇಬ್ಬರ ಮನೆಗೂ ಹೋಗಿ ಹೋಲಿಸಿ ನೋಡಿದ್ರು. ಹೋದೋರ ದುಡಿಮೆ ಹತ್ರಹತ್ರ ಮೂರು ಪಟ್ಟಾಗಿತ್ತು, ಮನೆಯವರ ಜೀವನ ಸುಧಾರಿಸಿತ್ತು, ಮನೆ ವಿಷ್ಯದಲ್ಲಿ ಹೆಂಗಸರ ಮಾತಿಗೆ ತೂಕ ಬಂದಿತ್ತು. ಇನ್ನೊಂದು ಕಡೆ ಮದುವೆ, ಮಕ್ಕಳು ಎಲ್ಲಾ ಮುಂದಕ್ಕೆ ಹೋಗಿತ್ತು. ದುಡ್ಡಿನ ಲೆಕ್ಕದಲ್ಲಿ ಈ ಕಳೆದ ವರ್ಷಗಳು ಎಲ್ಲಿ ಬರ್ತವೆ ಅಂತ ನಂಗೆ ಯಾವಾಗ್ಲೂ ಕಾಡತ್ತೆ.

ಕರೆಸ್ಕೊಳ್ಳೋ ದೇಶದಲ್ಲಿ ಒಂದು ಮಾತಿರತ್ತೆ, ಹೊರಗಿನೋರು ಬಂದು ನಮ್ಮೋರ ಕೂಲಿ ಇಳಿಸಿದ್ರು ಅಂತ. ಅಮೆರಿಕದಲ್ಲಿ ಮೆಕ್ಸಿಕೋದ ಕೂಲಿಯವರನ್ನ ಹೊಲಗಳಿಗೆ ಕರೆಸ್ಕೊಳ್ತಿದ್ದ ಬ್ರಸೆರೊ ಯೋಜನೆ 1942ರಲ್ಲಿ ಶುರುವಾಗಿ 1964ರ ಕೊನೇಲಿ ನಿಂತಿತು, ನಿಲ್ಲಿಸಿದ್ರೆ ಅಲ್ಲಿನ ಕೂಲಿಯವರ ಸಂಬಳ ಏರತ್ತೆ ಅನ್ನೋ ನಂಬಿಕೆಯಿಂದ. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ಲೆಮೆನ್ಸ್ ಮತ್ತಿಬ್ಬರು ಹಳೇ ದಾಖಲೆ ತೆಗೆದು ರಾಜ್ಯ ರಾಜ್ಯ ಹೋಲಿಸಿದಾಗ ಹಾಗೆ ಏರಿದ್ದು ಕಾಣಲೇ ಇಲ್ಲ. ರೈತರು ಟೊಮೆಟೊ ಕೀಳೋಕೆ ಮೆಷಿನ್ ತಂದ್ರು, ಮೆಷಿನ್ ಇಲ್ಲದ ಬೆಳೆಗಳನ್ನ ಕಮ್ಮಿ ಮಾಡಿದ್ರು. ಎಲ್ಲಾ ಕಡೆ ಹೀಗೇ ಅಂತ ನಾನು ಹೇಳಲ್ಲ, ಈ ವಿಷ್ಯದಲ್ಲಿ ದೊಡ್ಡದೊಡ್ಡ ಅರ್ಥಶಾಸ್ತ್ರಜ್ಞರೇ ದಶಕಗಳಿಂದ ಜಗಳ ಆಡ್ತಿದ್ದಾರೆ, ಆದ್ರೆ ಬಾಗಿಲು ಹಾಕಿದ್ರೆ ಕೂಲಿ ತಾನಾಗೇ ಏರತ್ತೆ ಅಂತ ಅಷ್ಟು ಸುಲಭವಾಗಿ ಹೇಳೋಕಾಗಲ್ಲ.

ಇಷ್ಟೆಲ್ಲಾ ಕಳ್ಕೊಂಡ ಮೇಲೂ ಹೊರದೇಶಕ್ಕೆ ದುಡಿಯೋಕೆ ಹೋದೋರು ಮನೆಗೆ ಕಳಿಸೋದೇನು ಕಮ್ಮಿನಾ! ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ 2024ರಲ್ಲಿ ಹೋದ ದುಡ್ಡು ವಿಶ್ವಬ್ಯಾಂಕ್ ಅಂದಾಜಲ್ಲಿ 68,500 ಕೋಟಿ ಡಾಲರ್. ವಿದೇಶಿ ನೇರ ಹೂಡಿಕೆ, ಅಂದ್ರೆ ಹೊರಗಿನ ಕಂಪನಿಗಳು ಹಾಕೋ ಬಂಡವಾಳ, ಮತ್ತೆ ದೇಶಗಳು ಕೊಡೋ ನೆರವು ಎರಡನ್ನೂ ಕೂಡಿಸಿದ್ರೂ ಅಷ್ಟಾಗಲ್ಲ. ಕಳಿಸೋದಕ್ಕೂ ನೂರಕ್ಕೆ ಆರರ ಮೇಲೆ ಖರ್ಚು, 2030ರೊಳಗೆ ಮೂರಕ್ಕಿಂತ ಕೆಳಗೆ ತರ್ತೀವಿ ಅಂತ ಅದೇ ವಿಶ್ವಸಂಸ್ಥೆಯ ಗುರಿಗಳಲ್ಲಿ ದೇಶಗಳು ಮಾತು ಕೊಟ್ಟಿವೆ.

ಆ ಹುಡುಗನಿಗೆ ಇದನ್ನೆಲ್ಲಾ ಹೇಳಲಿಲ್ಲ. ಅರ್ಧದ ಬದ್ಲು ಸಂಬಳದ ಹತ್ತರಲ್ಲಿ ಏಳು ಪಾಲು ಕಳಿಸಿದ್ರೆ ಎಷ್ಟಾಗತ್ತೆ ನೋಡಿ ಅಕ್ಕಾ ಅಂದ. ನೋಡಿದೆ, 19 ತಿಂಗಳು. ಉಳಿದ ಮೂರು ಪಾಲಲ್ಲಿ ಊಟ, ಫೋನು, ಹುಷಾರಿಲ್ಲದಿದ್ರೆ ಔಷಧಿ ಎಲ್ಲಾ ಆಗ್ಬೇಕಲ್ಲಪ್ಪಾ ಅಂದೆ. ಆಗತ್ತೆ ಬಿಡಿ ಅಂದ. ಎದ್ದು ಹೊರಟೋನು ಬಾಗ್ಲಲ್ಲಿ ನಿಂತು, "ಅಕ್ಕಾ, ಅಮ್ಮಂಗೆ ತೋರ್ಸೋಕೆ ಬೇರೆ ಹಾಳೇಲಿ ಬರ್ಕೊಡಿ, 19ರದ್ದು ಮಾತ್ರ" ಅಂದ. ಎರಡನ್ನೂ ಬೇರೆಬೇರೆ ಹಾಳೇಲಿ ಬರೆದು ಕೊಟ್ಟೆ. 31ರ ಹಾಳೇನ ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಲ್ಲಿ ಇಟ್ಕೊಂಡ, 19ರದ್ದನ್ನ ಕವರಿನೊಳಗೆ ಕಾಂಟ್ರಾಕ್ಟಿನ ಮೇಲೆ ಇಟ್ಟ.