ಸೈಕಲ್ ಹೋಯ್ತು, ಪಂಪ್ ಉಳಿಯಿತು

ಇವತ್ತು ಬೆಳಗ್ಗೆ ನನ್ನ ಸ್ಟೀಲ್ ರೋಡ್ ಬೈಕ್ ಮಾರಿಬಿಟ್ಟೆ. 48 ಸೆಂಟಿಮೀಟರ್ ಫ್ರೇಮ್, ಕ್ರೋಮೋಲಿ ಅನ್ನೋ ಗಟ್ಟಿ ಮಿಶ್ರ ಉಕ್ಕು, ತೂಕ ಹತ್ತಿರ ಹತ್ತಿರ 11 ಕೆ.ಜಿ. ಬೆಂಗಳೂರಲ್ಲಿ ಇಷ್ಟು ಚಿಕ್ಕ ಅಳತೆಯದು ಸೆಕೆಂಡ್ ಹ್ಯಾಂಡ್ ಸಿಗೋದೇ ಕಷ್ಟ, ಆದರೂ ನನಗೆ ಫೋನ್ ಮಾಡಿದವರೆಲ್ಲ "54 ಇಲ್ವಾ?" ಅಂತಲೇ ಕೇಳಿದರು. ಕೊನೆಗೆ ಬಂದವಳು ಐದಡಿ ಒಂದಿಂಚಿನ ಹುಡುಗಿ. ಇಷ್ಟು ದಿನ ಅಣ್ಣನ ದೊಡ್ಡ ಸೈಕಲ್ಲಿನ ಸೀಟು ಪೂರ್ತಿ ಇಳಿಸಿ, ಹ್ಯಾಂಡಲ್ಲಿಗೆ ಕೈ ಚಾಚಿ ಚಾಚಿ ಕತ್ತು ನೋವು ಮಾಡಿಕೊಂಡಿದ್ದಳಂತೆ. ಟಾಪ್ ಟ್ಯೂಬ್, ಅಂದರೆ ಫ್ರೇಮಿನ ಮೇಲಿನ ಅಡ್ಡ ಕೊಳವೆ, ದಾಟಿ ನಿಂತವಳೇ, "ಅಕ್ಕಾ, ಎರಡೂ ಕಾಲು ನೆಲಕ್ಕೆ ಸಿಗ್ತಾ ಇದೆ!" ಅಂದಳು. ಆಮೇಲೆ ರೇಟ್ ವಿಷಯದಲ್ಲಿ ಹಟ ಮಾಡೋಕೆ ನನಗೇ ಮನಸ್ಸಾಗಲಿಲ್ಲ.

ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಜಾಗ) ಹತ್ತಿರ ಪೇಂಟ್ ಎದ್ದು ತುಕ್ಕು ಹಿಡಿದಿದ್ದನ್ನು ನಾನೇ ತೋರಿಸಿದೆ. ಮೇಲಿನ ತುಕ್ಕು ಅಷ್ಟೇ, ಉಜ್ಜಿ ಪೇಂಟ್ ಹಚ್ಚು, ಮಳೆಯಲ್ಲಿ ಓಡಿಸಿದರೆ ಸೀಟ್‌ಪೋಸ್ಟ್ ತೆಗೆದು ಸೈಕಲ್ ತಲೆಕೆಳಗೆ ಮಾಡಿ ಫ್ರೇಮಿನೊಳಗಿನ ನೀರು ಬಸಿ ಅಂತ ಹೇಳ್ತಾ ಹೇಳ್ತಾ, ಮಗಳನ್ನು ಹಾಸ್ಟೆಲ್ಲಿಗೆ ಬಿಡೋ ಅಮ್ಮನ ಥರ ಆಗಿಬಿಟ್ಟೆ. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ಇಳಿದು ತಳ್ಳಿದ್ದನ್ನು ಮಾತ್ರ ಹೇಳಲಿಲ್ಲ.

ಈಗ ನೋಡಿದರೆ ಪಂಪ್ ಬಾಗಿಲ ಹಿಂದೆಯೇ ಇದೆ. ಅದೂ ಸೇರಿಸಿಯೇ ದುಡ್ಡು ತಗೊಂಡಿದ್ದೆ. ನಾಳೆ ಫೋನ್ ಮಾಡಬೇಕು.